ಐ-ಎನ್-ಜಿ ನನ್ನದು

ನನಗೆ ಇಂಗ್ಲಿಷ್ ಬರುವುದಿಲ್ಲ, ಇಂಗ್ಲಿಷಿನ ಬಾಲ ಬರುತ್ತದೆ. ಹೀಗೆಂದರೆ ಜನ ನಗುತ್ತಾರೆ, ನಗಲಿ. ನಿಪ್ಪಾಣಿಯಿಂದ ಕಾಗವಾಡದ ತನಕ ರಸ್ತೆ ಬದಿಯ ಗೋಡೆಗಳನ್ನು ನೋಡುತ್ತ ಹೋಗಿ: ವೆಲ್ಡಿಂಗ್, ಗ್ರೈಂಡಿಂಗ್, ಟೇಲರಿಂಗ್, ಕೋಚಿಂಗ್, ಬೋರಿಂಗ್, ಪಾರ್ಕಿಂಗ್. ಇವೆಲ್ಲದರ ಕೊನೆಗೆ ಐ, ಎನ್, ಜಿ ಎಂಬ ಮೂರು ಇಂಗ್ಲಿಷ್ ಅಕ್ಷರ ಇರುತ್ತವೆ. ಹಳೆಯ ಬೋರ್ಡುಗಳಲ್ಲಿ ಆ ಮೂರು ಅಕ್ಷರ ಬಹಳ ಕಡೆ ನನ್ನ ಕೈಯವು. ಅವುಗಳ ಮುಂದಿನ ಅಕ್ಷರಗಳು ನನ್ನವಲ್ಲ, ನನ್ನ ಗೆಳೆಯನವು.

ನಾವಿಬ್ಬರೂ ನಿಪ್ಪಾಣಿಯ ಒಬ್ಬ ಮುದುಕ ಪೇಂಟರನ ಕೈಕೆಳಗೆ ಕೆಲಸ ಕಲಿತವರು. ಆತ ತಂಬಾಕಿನ ಗೋದಾಮುಗಳ ಗೋಡೆಗೂ ಲಾರಿಗಳ ಬೆನ್ನಿಗೂ ಬರೆಯುತ್ತಿದ್ದ. ಗೆಳೆಯ ಪಿಯುಸಿ ಮುಗಿಸಿದ್ದ, ಓದಿದ್ದನ್ನು ನೆನಪಿಟ್ಟಿದ್ದ. ನಾನು ಏಳನೆಯ ಇಯತ್ತೆಯಲ್ಲೇ ಶಾಲೆಗೆ ಕೈ ಮುಗಿದವನು. ಕನ್ನಡ, ಮರಾಠಿ ಎರಡನ್ನೂ ಸರಾಗವಾಗಿ ಬರೆಯುತ್ತಿದ್ದೆ. ಇಂಗ್ಲಿಷ್ ಬೋರ್ಡು ಬಂದಾಗ ಮಾತ್ರ ಡಬ್ಬಿ ತೊಳೆಯುವ ನೆಪ ಹುಡುಕುತ್ತಿದ್ದೆ. ಅದನ್ನು ಕಂಡ ಮುದುಕ ಒಂದು ದಿನ ನನ್ನನ್ನು ಕರೆದು, ಕೃಷ್ಣಾ ಹೊಳೆ ತುಂಬಿದಾಗ ದನ ಕಾಯುವವರು ಹೇಗೆ ದಾಟುತ್ತಾರೆ ಎಂದು ಕೇಳಿದ. ಎಮ್ಮೆಯ ಬಾಲ ಹಿಡಿದು ಎಂದೆ. ಇಂಗ್ಲಿಷನ್ನೂ ಹಾಗೇ ದಾಟು ಎಂದ. ಇಂಗ್ಲಿಷ್ ಮಾತುಗಳ ಮುಖ ಬೇರೆ ಬೇರೆ, ಬಾಲ ಮಾತ್ರ ನಾಲ್ಕೈದು ನಮೂನೆಯವು, ಅಷ್ಟು ಕಲಿತರೆ ಅರ್ಧ ಬೋರ್ಡು ನಿನ್ನದು ಎಂದ.

ಕಲಿತೆ. ಮೊದಲು ಐ-ಎನ್-ಜಿ. ಆಮೇಲೆ ಟಿ-ಐ-ಓ-ಎನ್. ಸ್ಟೇಶನ್, ಫೌಂಡೇಶನ್ ಎಲ್ಲ ಅದರಲ್ಲೇ ಮುಗಿಯುತ್ತವೆ. ಆದರೆ ಅಡ್ಮಿಶನ್ ಬಂದಾಗ ಕೈ ತಡೆದು ಗೆಳೆಯನನ್ನು ಕೇಳಬೇಕು, ಅದರ ಬಾಲದ ಕೂದಲು ಬೇರೆ. ಟ್ರೇಡರ್ಸ್, ಬಿಲ್ಡರ್ಸ್ ಅಣ್ಣತಮ್ಮಂದಿರು, ಟೇಲರ್ಸ್ ಮಾತ್ರ ಒಳಗೊಳಗೇ ಒಂದು ಅಕ್ಷರ ಬದಲಿಸಿಕೊಂಡ ಮೋಸಗಾರ. ಸಿಮೆಂಟ್ ಮತ್ತು ಟ್ರೀಟ್‌ಮೆಂಟ್ ಒಂದೇ ಮನೆತನದವೆಂದು ನಾನು ಬಹಳ ದಿನ ನಂಬಿದ್ದೆ. ನಮ್ಮ ಕಡೆ ಅರ್ಧ ಊರಿನ ಅಡ್ಡಹೆಸರು ‘ಕರ’ ಎಂದು ಮುಗಿಯುತ್ತದಲ್ಲ, ಹಾಗೆಂದು ಎಲ್ಲರೂ ಬೀಗರಾಗುತ್ತಾರೇನು ಎಂದು ಗೆಳೆಯ ತಿಳಿಹೇಳಿದ ಮೇಲೆ ಬುದ್ಧಿ ಬಂತು.

ಮುದುಕ ತೀರಿಕೊಂಡ ಮೇಲೆ ನಾವಿಬ್ಬರೂ ಚಿಕ್ಕೋಡಿಗೆ ಬಂದು ಒಂದು ಕೋಣೆ ಹಿಡಿದೆವು. ಅವನದು ರಾಯಬಾಗದ ಕಡೆಯ ಹಳ್ಳಿ. ಹೆಂಡತಿ, ಒಂದಿಷ್ಟು ಹೊಲ, ಎರಡು ಎಮ್ಮೆ ಅಲ್ಲಿದ್ದವು, ವಾರಕ್ಕೊಮ್ಮೆ ಹೋಗಿ ಬರುತ್ತಿದ್ದ. ನನಗೆ ಹೋಗಿಬರುವುದಕ್ಕೆ ಯಾರೂ ಇರಲಿಲ್ಲ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ ಟರ್ಪೆಂಟೈನ್ ವಾಸನೆಗೆ ಯಾವ ಹೆಣ್ಣೂ ಒಪ್ಪಲಿಲ್ಲ ಎನ್ನುತ್ತಿದ್ದೆ. ಅವನು ಊರಿಗೆ ಹೋದ ದಿನ ಕೋಣೆಯಲ್ಲಿ ರೇಡಿಯೋ ಹಚ್ಚಿ ಇಡುತ್ತಿದ್ದೆ, ಕೇಳುತ್ತಿರಲಿಲ್ಲ.

ನಮ್ಮ ಕೆಲಸದ ರೀತಿ ಜಿಲ್ಲೆಯಲ್ಲಿ ಇನ್ನೆಲ್ಲೂ ಇರಲಿಲ್ಲ. ದಾರಕ್ಕೆ ಕಾವಿ ಸವರಿ ಗೋಡೆಯ ಉದ್ದಕ್ಕೆ ಹಿಡಿದು ಮಿಡಿದರೆ ಗೆರೆ ಬೀಳುತ್ತದೆ. ಆ ಗೆರೆಯ ಎಡತುದಿಗೆ ಅವನು ನಿಲ್ಲುತ್ತಿದ್ದ, ಬಲತುದಿಗೆ ನಾನು. ಅವನು ಮಾತಿನ ಮುಖ ಬರೆಯುತ್ತ ನನ್ನ ಕಡೆಗೆ ಬರುತ್ತಿದ್ದ. ನಾನು ಕೊನೆಯ ಅಕ್ಷರ ಮೊದಲು ಬರೆದು, ಹಿಂದೆ ಹಿಂದೆ ಸರಿಯುತ್ತ ಅವನ ಕಡೆಗೆ ಹೋಗುತ್ತಿದ್ದೆ. ಮೊದಲು ಜಿ, ಆಮೇಲೆ ಎನ್, ಆಮೇಲೆ ಐ. ನಡುವಿನಲ್ಲಿ ಇಬ್ಬರ ಮೊಣಕೈ ತಾಗಿದರೆ ಮಾತು ಮುಗಿದಂತೆ. ಆಗ ಇಳಿದು ಚಹಾ ಕುಡಿಯುತ್ತಿದ್ದೆವು. ನೋಡುತ್ತ ನಿಂತವರಿಗೆ ಇದೊಂದು ತಮಾಷೆ. ಅರ್ಧ ವೇಳೆಯಲ್ಲಿ ಕೆಲಸ ಮುಗಿಯುತ್ತದೆಂದು ಅಥಣಿ, ಕಾಗವಾಡದಿಂದಲೂ ಕರೆ ಬರುತ್ತಿದ್ದವು.

ಇದಕ್ಕೆ ಒಂದೇ ನಿಯಮ, ಅಳತೆ ಅವನದು. ನಾವು ಟೇಪು ಹಿಡಿದವರಲ್ಲ. ಮುದುಕ ಗೇಣಿನಲ್ಲಿ ಕಲಿಸಿದ್ದ, ಗೇಣಿನಲ್ಲೇ ಉಳಿದೆವು. ಗೆಳೆಯನದು ಗಿಡ್ಡ ಕೈ, ನನ್ನದು ಉದ್ದ ಬೆರಳಿನ ಕೈ, ಅವನ ಗೇಣಿಗಿಂತ ನನ್ನದು ಒಂದು ಬೆರಳು ಹೆಚ್ಚು. ಇಬ್ಬರೂ ಅಳೆದರೆ ನಡುವೆ ಗೋಡೆಯೇ ಸಾಲದು. ಆದ್ದರಿಂದ ಅವನು ತನ್ನ ಗೇಣಿಟ್ಟು ಈ ತುದಿಯಿಂದ ಆ ತುದಿಯ ತನಕ ಸೀಮೆಸುಣ್ಣದ ಗುರುತು ಹಾಕುತ್ತಿದ್ದ. ಆ ಗುರುತುಗಳ ಒಳಗೆ ನಾನು ಬರೆಯುತ್ತಿದ್ದೆ. ಹದಿನಾರು ವರ್ಷ ಹೀಗೆ ನಡೆಯಿತು.

ಈಗ ಅಥಣಿಯ ಗೋಡೆಯ ಮಾತು. ಊರ ಹೊರಗೆ ಒಬ್ಬರು ದೊಡ್ಡ ಕಾರ್ಖಾನೆ ಹಾಕಿದ್ದರು, ಟ್ರಾಲಿ, ನೇಗಿಲು ಮಾಡುವ ಕಾರ್ಖಾನೆ. ದೀಪಾವಳಿ ಪಾಡ್ಯದ ದಿನ ಪ್ರಾರಂಭ. ರಸ್ತೆಗೆ ಮುಖ ಮಾಡಿದ ಗೋಡೆಯ ತುಂಬ ಇಂಗ್ಲಿಷಿನಲ್ಲಿ ‘ಇಂಜಿನಿಯರಿಂಗ್’ ಎಂದು ಒಂದೇ ಮಾತು ಬರೆಯಬೇಕಿತ್ತು. ಇಂಗ್ಲಿಷಿನಲ್ಲಿ ಅದಕ್ಕೆ ಹನ್ನೊಂದು ಅಕ್ಷರ. ಗೆಳೆಯ ಹಿಂದಿನ ವಾರವೇ ಗೋಡೆ ನೋಡಿ ಇಪ್ಪತ್ತೆರಡು ಗೇಣು ಎಂದಿದ್ದ, ಅಕ್ಷರಕ್ಕೆರಡು. ಅವನಿಗೆ ಮೊದಲ ಆರು, ನನಗೆ ಕೊನೆಯ ಐದು. ಬರೆಯುವ ದಿನ ಅಮಾವಾಸ್ಯೆ ಬಿತ್ತು. ಅವನು ಅಮಾವಾಸ್ಯೆಗೆ ಯಡೂರಿಗೆ ಹೋಗಿ ವೀರಭದ್ರನಿಗೆ ಕಾಯಿ ಒಡೆಸುವುದನ್ನು ಒಮ್ಮೆಯೂ ತಪ್ಪಿಸಿದವನಲ್ಲ. ನೀನು ಮುಂದೆ ಹೋಗಿ ಬಣ್ಣ ಕಲಸಿಡು, ಹನ್ನೊಂದರೊಳಗೆ ಬರುತ್ತೇನೆ ಎಂದು ಹೇಳಿ ಹೋದ.

ನಾನು ಎಂಟಕ್ಕೇ ಗೋಡೆಯ ಮುಂದೆ ನಿಂತಿದ್ದೆ. ಆ ಗೋಡೆ ಎಷ್ಟು ಚೆಂದ ಇತ್ತೆಂದರೆ ಸುಮ್ಮನೆ ನಿಲ್ಲಲು ಆಗಲಿಲ್ಲ. ನಿಜ ಹೇಳಬೇಕೆಂದರೆ ಬರೀ ಗೋಡೆಯ ಮಾತಲ್ಲ. ಎಲ್ಲಿ ಹೋದರೂ ಜನ ಅವನನ್ನು ಇಂಗ್ಲಿಷ್ ಬಲ್ಲವ ಎಂದು ಕುರ್ಚಿ ಕೊಟ್ಟು ಕೂಡಿಸುತ್ತಿದ್ದರು. ನನ್ನನ್ನು ಬಾಲದ ಪೇಂಟರ್ ಎಂದು ಕರೆಯುತ್ತಿದ್ದರು. ನಾನೂ ನಗುತ್ತಿದ್ದೆ, ಆದರೆ ಒಳಗೆ ಚುಚ್ಚುತ್ತಿತ್ತು. ಒಮ್ಮೆಯಾದರೂ ಗೋಡೆಯ ಮೇಲೆ ಮೊದಲು ಬೀಳುವ ಅಕ್ಷರ ನನ್ನದಾಗಲಿ ಎನಿಸಿತು. ಬಲತುದಿಯಿಂದ ನನ್ನ ಗೇಣಿನಲ್ಲೇ ಹತ್ತು ಗೇಣು ಅಳೆದೆ. ಅವನು ಬರುವುದರೊಳಗೆ ಐದೂ ಅಕ್ಷರ ಬರೆದು ಮುಗಿಸಿ, ಬೀಡಿ ಹಚ್ಚಿ ಕೂತಿದ್ದೆ.

ಅವನು ಹಣೆಗೆ ವಿಭೂತಿ ಹಚ್ಚಿಕೊಂಡೇ ಬಂದ. ಬೇಗ ಮುಗಿಸಿದ್ದಕ್ಕೆ ಬೆನ್ನು ತಟ್ಟಿದ. ಗೇಣಿಗೊಂದು ಬೆರಳು ಕಳೆದು ಅಳೆದೆಯಾ ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ತನ್ನ ತುದಿಯಿಂದ ಶುರು ಮಾಡಿದ. ಐದು ಅಕ್ಷರ ಮುಗಿಸಿ ಆರನೆಯದಕ್ಕೆ ಬಂದಾಗ ಉಳಿದದ್ದು ಒಂದೇ ಗೇಣು. ಎರಡು ಗೇಣಿನ ಅಕ್ಷರ ಒಂದು ಗೇಣಿನಲ್ಲಿ ಹೇಗೆ ಕೂಡಬೇಕು? ಬಸ್ಸಿನ ಮೂರು ಸೀಟಿನ ಬೆಂಚಿನಲ್ಲಿ ನಾಲ್ಕನೆಯವನು ತುರುಕಿಕೊಂಡ ಹಾಗೆ ಕೂತಿತು. ಅಷ್ಟರಲ್ಲಿ ಮಾಲಕರು ಬೀಗರನ್ನೆಲ್ಲ ಕರೆದುಕೊಂಡು ಗೋಡೆ ತೋರಿಸಲು ಬಂದರು.

ಅವರು ಮೊದಲು ಮರಾಠಿಯಲ್ಲಿ ಬೈದರು, ಆಮೇಲೆ ಕನ್ನಡದಲ್ಲಿ. ನಾಳೆ ನಾಲ್ಕೂರಿನ ಜನ ಬಂದು ನಗುತ್ತಾರೆ ಎಂದರು. ಕೊನೆಗೆ, ಇದು ಯಾರ ಅಳತೆ ಎಂದು ಕೇಳಿದರು. ಗೆಳೆಯ ನನ್ನ ಮುಖ ನೋಡಿದ. ಆಗ ನಾನು ಹೇಳಿದ ಮಾತು ಇವತ್ತಿಗೂ ನನ್ನ ಬಾಯಲ್ಲಿ ಕಹಿಯಾಗಿ ಉಳಿದಿದೆ.

“ಅಳತಿ ಯಾವಾಗ್ಲೂ ಅವಂದ ಇರ್ತೈತ್ರಿ,” ಎಂದೆ.

ಸುಳ್ಳಲ್ಲ. ಯಾವಾಗಲೂ ಅವನದೇ ಇರುತ್ತಿತ್ತು, ಅವತ್ತೊಂದು ದಿನ ಬಿಟ್ಟು. ನಿಜದ ಮಾತನ್ನೇ ಹೇಳಿ ಮಾಡಿದ ಮೋಸ ಅದು. ಗೆಳೆಯ ಒಂದು ಸಲ ತನ್ನ ಕೈ ನೋಡಿಕೊಂಡ. ಹೋಗಿ ನನಗೆ ಬೆನ್ನು ಮಾಡಿ ನನ್ನ ಜಿ ಅಕ್ಷರದ ಮುಂದೆ ನಿಂತ. ಆಮೇಲೆ ತಪ್ಪಾಗಿದೆ, ಸಂಜೆಯೊಳಗೆ ಸರಿ ಮಾಡುತ್ತೇನೆ ಎಂದು ಮಾಲಕರಿಗೆ ಹೇಳಿ ಸೀಮೆಎಣ್ಣೆಯ ಅರಿವೆ ಕೈಗೆ ತೆಗೆದುಕೊಂಡ. ಬರೆದಿದ್ದ ತನ್ನ ಆರೂ ಅಕ್ಷರ ಒರೆಸಿದ. ಮತ್ತೆ ಸುಣ್ಣ ಹಚ್ಚಿ, ಒಣಗುವ ತನಕ ಬಿಸಿಲಿನಲ್ಲಿ ಕೂತು, ಆರನ್ನೂ ಒಂದೇ ಸಮನಾಗಿ ತೆಳ್ಳಗೆ ಬರೆದ. ನನ್ನ ಐದನ್ನು ಮುಟ್ಟಲಿಲ್ಲ. ಸಹಾಯಕ್ಕೆ ಹೋದರೆ, ನಿನ್ನದು ಸರಿಯಾಗಿದೆ, ಕೂಡು ಎಂದ.

ಕೆಲಸ ಮುಗಿದಾಗ ಕಾರ್ಖಾನೆಯೊಳಗೆ ಲಕ್ಷ್ಮೀಪೂಜೆಯ ಸಡಗರ ಶುರುವಾಗಿತ್ತು. ಗೆಳೆಯ ಕಾವಿ ದಾರದ ಉಂಡೆಯನ್ನು ನನ್ನ ಕೈಯಲ್ಲಿಟ್ಟ. ಊರಿಗೆ ಹೋಗುತ್ತೇನೆ, ಬಸ್ ಸ್ಟ್ಯಾಂಡಿನಲ್ಲಿರುತ್ತೇನೆ ಎಂದ. ಮಾಲಕರ ಸಿಟ್ಟು ಇಳಿದಿತ್ತು. ಅವರು ನನ್ನ ಭುಜ ಹಿಡಿದು ಒಳಗೆ ಕರೆದರು, ಪೇಡೆ ಕೊಟ್ಟರು, ಮುಂದಿನ ಓಣಿಯ ಅಂಗಡಿಗಳಿಗೆಲ್ಲ ನಿನ್ನ ಹೆಸರನ್ನೇ ಹೇಳುತ್ತೇನೆ ಎಂದರು. ನಾನು ಪೇಡೆ ತಿಂದೆ. ಒಂದಲ್ಲ, ಎರಡು ತಿಂದೆ. ಬಸ್ ಸ್ಟ್ಯಾಂಡಿಗೆ ಹೋಗಲಿಲ್ಲ.

ಹಬ್ಬ ಮುಗಿದರೂ ಅವನು ಚಿಕ್ಕೋಡಿಗೆ ಬರಲಿಲ್ಲ. ತುಳಸಿ ಲಗ್ನ ಕಳೆಯಿತು, ಬರಲಿಲ್ಲ. ಅವನ ಊರಿನವನೊಬ್ಬ ಬಂದು ಅವನ ಟ್ರಂಕು, ಹಾಸಿಗೆ ತೆಗೆದುಕೊಂಡು ಹೋದ. ಎಮ್ಮೆ ಹೆಚ್ಚಾಗಿವೆ, ಇನ್ನು ಊರಲ್ಲೇ ಇರುತ್ತಾನಂತೆ ಎಂದು ಅಷ್ಟೇ ಹೇಳಿದ.

ಒಂಬತ್ತು ವರ್ಷವಾಯಿತು. ಕೆಲಸಕ್ಕೇನೂ ಕೊರತೆ ಇಲ್ಲ. ಫ್ಲೆಕ್ಸು ಬಂದರೂ ಶಟರಿಗೆ, ಟ್ರಾಲಿಗೆ, ನೀರಿನ ಟಾಕಿಗೆ ಬರೆಯುವ ಕೈ ಬೇಕೇ ಬೇಕು. ಇಂಗ್ಲಿಷ್ ಮಾತುಗಳನ್ನು ಗಿರಾಕಿಗಳು ಮೊಬೈಲಿಗೆ ಕಳಿಸುತ್ತಾರೆ, ನೋಡಿ ನೋಡಿ ಬರೆಯುತ್ತೇನೆ. ಆದರೆ ರೂಢಿ ಬಿಟ್ಟಿಲ್ಲ. ಮೊದಲು ಬಲತುದಿಗೆ ಹೋಗಿ ಬಾಲ ಬರೆಯುತ್ತೇನೆ. ಆಮೇಲೆ ಏಣಿ ಹೊತ್ತುಕೊಂಡು ಎಡತುದಿಗೆ ಬಂದು, ಅವನು ನಿಲ್ಲುತ್ತಿದ್ದಲ್ಲಿ ನಿಂತು, ಮುಖ ಬರೆಯುತ್ತ ಬರುತ್ತೇನೆ. ನಡುವಿಗೆ ಬಂದಾಗ ಮೊಣಕೈ ಯಾರಿಗೂ ತಾಗುವುದಿಲ್ಲ. ಚಹಾ ಕುಡಿಯಬೇಕೆಂದು ನೆನಪಾಗುವುದೇ ಇಲ್ಲ.

ನಿವೃತ್ತ ಇಂಗ್ಲಿಷ್ ಟೀಚರ್ ಒಬ್ಬರು ಗೇಟಿಗೆ ಮನೆಯ ಹೆಸರು ಬರೆಸಲು ಕರೆದಿದ್ದರು. ನನ್ನ ಬಾಲದ ವಿದ್ಯೆ ಕೇಳಿ ಮೆಚ್ಚಿ, ಒಂದು ಮಾತು ಹೇಳಿದರು. ವೆಲ್ಡಿಂಗ್‌ನಲ್ಲಿ ಐ-ಎನ್-ಜಿ ತೆಗೆದರೂ ‘ವೆಲ್ಡ್’ ಎಂಬ ಮಾತು ಉಳಿಯುತ್ತದೆ. ಕಿಂಗ್‌ನಲ್ಲಿ ತೆಗೆದರೆ ಏನೂ ಉಳಿಯುವುದಿಲ್ಲ, ಅಲ್ಲಿ ಅದು ಬಾಲವಲ್ಲ, ಬೆನ್ನೆಲುಬು ಎಂದರು. ಮನೆಗೆ ಬಂದು ಊಟಕ್ಕೆ ಕೂತಾಗ ಅದೇ ತಲೆಯಲ್ಲಿ ತಿರುಗಿತು. ನಾನಿಲ್ಲದೆ ಅವನು ಉಳಿದಿದ್ದಾನೆ. ಅವನಿಲ್ಲದ ನಾನು ಬರೀ ಐ-ಎನ್-ಜಿ. ಆ ಮೂರು ಅಕ್ಷರವನ್ನಷ್ಟೇ ಗೋಡೆಯ ಮೇಲೆ ಬರೆದಿಟ್ಟರೆ ಓದಿದವನು ಏನೆಂದು ತಿಳಿಯಬೇಕು?

ಹೋಗಿ ತಪ್ಪು ಒಪ್ಪಿಕೊಂಡರೆ ಮುಗಿಯುತ್ತಿತ್ತು. ಅವನ ನಂಬರು ಮೊಬೈಲಿನಲ್ಲಿತ್ತು. ಹಬ್ಬಕ್ಕೊಮ್ಮೆ ತೆಗೆದು ನೋಡಿ ಇಡುತ್ತಿದ್ದೆ. ಕೆಲಸದ ಮೇಲೆ ಎರಡು ಸಲ ರಾಯಬಾಗಕ್ಕೆ ಹೋದೆ, ಎರಡು ಸಲವೂ ಅವನ ಊರಿನ ಟಂಟಂ ಆಟೋ ನಿಲ್ಲುವ ಕಡೆಗೆ ನೋಡದೆ ವಾಪಸು ಬಂದೆ. ಅಥಣಿ ರಸ್ತೆಯಲ್ಲಿ ಹೋದರೆ ಆ ಗೋಡೆ ಕಾಣುತ್ತದೆ, ಎಡಕ್ಕೆ ಆರು ತೆಳ್ಳಗಿನ ಅಕ್ಷರ, ಬಲಕ್ಕೆ ಐದು ದಪ್ಪನೆಯವು. ಬೇರೆ ಯಾರ ಕಣ್ಣಿಗೂ ಅದು ಬೀಳಲಿಕ್ಕಿಲ್ಲ. ನಾನು ಮಾತ್ರ ಬಸ್ಸಿನ ಆ ಬದಿಯ ಕಿಟಕಿಗೆ ಕೂಡುವುದನ್ನು ಬಿಟ್ಟೆ.

ಈ ವರ್ಷ ಕಬ್ಬಿನ ಹಂಗಾಮಿಗೆ ಮೊದಲು, ಟ್ರಾಲಿಗಳಿಗೆ ಬಣ್ಣ ಬಳಿಯುವ ಗದ್ದಲದ ನಡುವೆ, ಒಬ್ಬ ಮಣೂಕ ವ್ಯಾಪಾರಿ ತನ್ನ ಟೆಂಪೋ ತಂದ. ಅವನದು ಒಣದ್ರಾಕ್ಷಿಯ ವ್ಯಾಪಾರ. ಒಂದು ಬಾಗಿಲು ಎಲ್ಲೋ ತಾಗಿ ಹೊಸದು ಹಾಕಿಸಿದ್ದ, ಅದಕ್ಕೆ ಬರೆಯಬೇಕು. ಇನ್ನೊಂದು ಬಾಗಿಲ ಮೇಲೆ ಹಳೆಯದು ಇದೆ, ಅದನ್ನು ನೋಡಿ ಹಾಗೇ ಬರಿ ಎಂದ. ಸುತ್ತಿ ಹೋಗಿ ನೋಡಿದೆ. ‘ಟ್ರೇಡಿಂಗ್’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಕೊನೆಯ ಜಿ ನನ್ನದು. ಕೆಳಗಿನ ಕೊಂಡಿಯನ್ನು ಕುಡುಗೋಲಿನ ಹಾಗೆ ಒಳಕ್ಕೆ ತಿರುಗಿಸುವುದು ನಾನೊಬ್ಬನೇ, ಮುದುಕನೂ ಅದಕ್ಕೆ ಬೈಯುತ್ತಿದ್ದ. ಆದರೆ ಆ ಟೆಂಪೋವನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಯಾರು ಬರೆದರು ಎಂದು ಕೇಳಿದೆ. ತನ್ನ ಊರಿನಲ್ಲಿ ಎಮ್ಮೆ ಕಟ್ಟಿಕೊಂಡಿರುವ ಒಬ್ಬನಿದ್ದಾನೆ, ಬರೆಯುವುದೂ ಗೊತ್ತು ಎಂದ ವ್ಯಾಪಾರಿ. ಹಾಗಾದರೆ ಇದಕ್ಕೂ ಅವನನ್ನೇ ಕೇಳಬಹುದಿತ್ತಲ್ಲ ಎಂದೆ.

“ಕೇಳಿದ್ನಿರಿ. ಈಗ ಆತನ ಕೈ ನಡಗಾಕತ್ತಾವ್ರಿ. ಚಹಾದ ಕಪ್ಪು ಹಿಡಿಯೂದೂ ಕಷ್ಟ ಐತಿ.”

ಆ ಬಾಗಿಲು ಬರೆದು ಮುಗಿಸಿ ಮರುದಿನವೇ ಹೊರಟೆ. ಚೀಲದಲ್ಲಿ ಕಾವಿ ದಾರದ ಉಂಡೆ ಇಟ್ಟುಕೊಂಡೆ. ರಾಯಬಾಗದಲ್ಲಿಳಿದು ಟಂಟಂ ಹತ್ತಿ, ಅವನ ಊರಿನ ಬಸ್ ನಿಲ್ಲುವ ಬೇವಿನ ಮರದ ಹತ್ತಿರ ಇಳಿದು, ಅವನ ಮನೆಗೆ ನಡೆದೆ. ಮಧ್ಯಾಹ್ನದ ಬಿಸಿಲು. ಅವನು ಗೋದಲಿಯ ಮುಂದೆ ಕೂತು ಮೇವು ಬಿಡಿಸುತ್ತಿದ್ದ. ನನ್ನನ್ನು ನೋಡಿ ಎದ್ದ, ನಿನ್ನೆ ತಾನೇ ಹೋಗಿ ಇವತ್ತು ಬಂದವನನ್ನು ಕರೆದಂತೆ ಕಟ್ಟೆಯ ಮೇಲೆ ಕೂಡು ಎಂದ. ಅವನ ಹೆಂಡತಿ ನೀರು ತಂದಿಟ್ಟು, ಬಹಳ ಇಳಿದುಹೋಗಿದ್ದೀರಿ ಎಂದು ನನಗೆ ಹೇಳಿ, ಚಹಾ ಇಡಲು ಒಳಗೆ ಹೋದಳು.

ಏನೇನೋ ಮಾತಾಡಿದೆವು. ಹಾಲಿನ ಡೇರಿ, ಕಬ್ಬು ಕಡಿಯುವ ಗ್ಯಾಂಗು ಇನ್ನೂ ಬರದಿರುವುದು, ಭೋಜ ಊರಿನ ಕಡೆ ಒಂದು ಒಳ್ಳೆಯ ಎಮ್ಮೆ ಇದೆಯಂತೆ ಎನ್ನುವುದು. ಹೇಳಬೇಕಾದ್ದನ್ನು ಬಿಟ್ಟು ಉಳಿದದ್ದೆಲ್ಲ ನನ್ನ ಬಾಯಿಂದ ಬರುತ್ತಿತ್ತು. ಚಹಾ ಬಂತು. ಅವನು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದ. ಹಾಗೂ ತುಳುಕಿತು. ನಾನು ಬೇರೆ ಕಡೆ ನೋಡಿದೆ.

ಟೆಂಪೋದ ಮೇಲೆ ನನ್ನ ಜಿ ನೋಡಿದೆ ಎಂದೆ. ಅವನು ನಕ್ಕ. ಹದಿನಾರು ವರ್ಷ ಮಗ್ಗುಲಲ್ಲಿ ಅದನ್ನೇ ನೋಡಿದ್ದೇನೆ, ಬೇರೆ ಜಿ ಕೈಗೆ ಬರುವುದೇ ಇಲ್ಲ ಎಂದ. ಆಮೇಲೆ, ಅಥಣಿಯ ಆ ಗೋಡೆ ಇನ್ನೂ ಇದೆಯೇ ಎಂದು ಅವನೇ ಕೇಳಿದ. ಇದೆ ಎಂದೆ. ಇನ್ನು ತಡೆಯಲಾಗಲಿಲ್ಲ.

“ಅವತ್ತ ಗೇಣ ನಂದಿತ್ತಪಾ,” ಎಂದೆ.

“ಗೊತ್ತಿತ್ತು. ನಿನ್ನ ಜಿ ಮ್ಯಾಲ ಗೇಣ ಹಿಡದ ನೋಡಿದ್ನಿ. ಬೆರಳ ಹೆಚ್ಚ ಬಂತು.”

“ಹಂಗಾರ ಅಲ್ಲೇ ಯಾಕ ಅನ್ನಲಿಲ್ಲ?”

ಅವನು ಕಪ್ಪು ಕೆಳಗಿಟ್ಟ. ಧ್ವನಿಯಲ್ಲಿ ಸಿಟ್ಟೇನೂ ಇರಲಿಲ್ಲ.

“ಅನ್ನಬೇಕಾದಾವ ನೀ ಇದ್ದಿ. ಸ್ಟ್ಯಾಂಡಿನಾಗ ಮೂರ ಬಸ್ ಬಿಟ್ನಿ. ಬರ್ತಿ ಅನ್ಕೊಂಡಿದ್ನಿ.”

ನಾನು ಪೇಡೆ ತಿನ್ನುತ್ತಿದ್ದ ಹೊತ್ತಿನಲ್ಲಿ ಮೂರು ಬಸ್ಸು. ನನಗೆ ಅಳು ಬಂತು, ಅವನೆದುರಿಗೇ ಅತ್ತೆ. ನಾನು ಮುಗಿಸುವ ತನಕ ಅವನು ಮೇವಿನ ಕಡ್ಡಿ ಮುರಿಯುತ್ತ ಕೂತ. ಆಮೇಲೆ ದಾರದ ಉಂಡೆ ತೆಗೆದು ಅವನ ಮುಂದಿಟ್ಟೆ. ಚಿಕ್ಕೋಡಿಗೆ ಬಾ, ಕೋಣೆ ಅದೇ ಇದೆ, ಕೈ ನಡುಗಿದರೆ ನಡುಗಲಿ, ನೀನು ಅಳತೆ ಹಾಕು, ಎರಡೂ ತುದಿ ನಾನೇ ಬರೆಯುತ್ತೇನೆ ಎಂದೆ. ಅವನು ಉಂಡೆಯನ್ನು ಕೈಯಲ್ಲಿ ಹಿಡಿದು ಒಂದಿಷ್ಟು ಬಿಚ್ಚಿದ, ಮತ್ತೆ ಸುತ್ತಲು ಹೋದರೆ ದಾರ ಬೆರಳಿಗೆ ನಿಲ್ಲಲಿಲ್ಲ. ನಾನೇ ಸುತ್ತಿದೆ. ನೋಡೂಣು ಎಂದ. ನಮ್ಮ ಕಡೆ ನೋಡೂಣು ಎಂದರೆ ಇಲ್ಲ ಎಂದು ಬಾಯಿಬಿಟ್ಟು ಹೇಳಲು ಮನಸ್ಸಿಲ್ಲ ಎಂದರ್ಥ. ಹಾಲು ಹಿಂಡುವ ಹೊತ್ತಾಗಿತ್ತು, ಹೆಂಡತಿ ಬಕೆಟು ತಂದಳು. ಅವನು ಅಂಗಳದ ತುದಿಯ ತನಕ ಬಂದು ನಿಂತ.

ಬೇವಿನ ಮರದ ಕೆಳಗೆ ಕೂತೆ. ರಾಯಬಾಗದ ಬಸ್ಸು ಬಂತು. ಹತ್ತಲಿಲ್ಲ. ಹಾಲು ಹಿಂಡಿದ ಮೇಲೆ ಬಂದರೂ ಬಂದಾನು ಎಂದುಕೊಂಡೆ. ಡೇರಿಗೆ ಕ್ಯಾನು ಹೊತ್ತವರು ಒಬ್ಬೊಬ್ಬರಾಗಿ ಹೋದರು, ಅವರಲ್ಲಿ ಅವನ ಹೆಂಡತಿಯೂ ಇದ್ದಳು. ಎರಡನೆಯ ಬಸ್ಸೂ ಹೋಯಿತು. ಓಣಿಯ ತಿರುವಿನಲ್ಲಿ ಯಾರಾದರೂ ಕಂಡರೆ ಅವನ ಗಿಡ್ಡ ಆಕಾರವೇ ಎಂದು ಎದ್ದು ನಿಲ್ಲುತ್ತಿದ್ದೆ. ಬಿಸಿಲು ಇಳಿಯುವ ಹೊತ್ತಿಗೆ ಮೂರನೆಯದು ಬಂತು. ಇದೇ ಕೊನೆಯದು ಎಂದು ಮರದ ಕೆಳಗಿದ್ದವರು ಹೇಳಿದರು. ಹತ್ತಿ, ಕಿಟಕಿಗೆ ಕೂತು, ಮಗ್ಗುಲಿನ ಸೀಟಿನ ಮೇಲೆ ಚೀಲ ಇಟ್ಟೆ. ಕಂಡಕ್ಟರ್ ಬಂದು ಚೀಲ ನೋಡಿದ, ಇನ್ನೂ ಯಾರೋ ಬರುವವರಿದ್ದಾರೆ ಎಂದುಕೊಂಡನೇನೋ.

“ಒಬ್ಬರ ಏನ್ರಿ?” ಎಂದ.

ಚೀಲ ತೆಗೆದು ತೊಡೆಯ ಮೇಲಿಟ್ಟುಕೊಂಡೆ.

“ಹೌದ್ರಿ,” ಎಂದೆ. “ಒಬ್ನ.”